ವಸಂತ್ ಕುಂಜ್ ವಿಳಾಸದ ತೆರಿಗೆ ಸಂಖ್ಯೆ

ನನ್ನ ಹೆಂಡತಿಯ ಸೋದರಮಾವನನ್ನು ನಾನು ಒಮ್ಮೆಯೂ ‘ಮಾವ’ ಎಂದು ಕರೆಯಲಿಲ್ಲ. ‘ಸರ್’ ಎನ್ನುತ್ತಿದ್ದೆ. ಅದರಲ್ಲಿ ಗೌರವ ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ಸೈನ್ಯದಿಂದ ನಿವೃತ್ತರಾಗಿ ಅವರು ವಸಂತ್ ಕುಂಜ್‌ನ ಫ್ಲ್ಯಾಟೊಂದರಲ್ಲಿ ನೆಲೆಸಿದ್ದರು. ದೆಹಲಿಗೆ ಹೊಸದಾಗಿ ಬಂದಿಳಿದ ಪರಿಚಯದ ಕನ್ನಡಿಗರಿಗೆಲ್ಲ ಅವರ ಮನೆಯೇ ಕೇರಾಫ್. ಗ್ಯಾಸಿಗೆ, ಬ್ಯಾಂಕ್ ಖಾತೆಗೆ, ಪಾಸ್‌ಪೋರ್ಟಿಗೆ, ಎಲ್ಲಕ್ಕೂ ಆ ಮನೆಯ ನಂಬರು. ಬೇರೆ ದಾರಿ ಇರಲಿಲ್ಲ. ಇಂದಿರಾಪುರಂನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟವನು ಬೀಗದ ಕೈ ಕೊಡುವ ಮೊದಲೇ ಹೇಳಿದ್ದ: “ರಹೋ ಆರಾಮ್ ಸೇ, ಲೇಕಿನ್ ಕಾಗಜ್ ಮೇ ಮತ್ ರಹನಾ.” ಆರಾಮಾಗಿರಿ, ಕಾಗದದಲ್ಲಿ ಮಾತ್ರ ಇರಬೇಡಿ. ಬಾಡಿಗೆದಾರರು ಕಾಗದ ಹಿಡಿದು ಮನೆಯನ್ನೇ ನುಂಗಿಬಿಡುತ್ತಾರೆಂಬ ಭಯ ಅವನಿಗೆ.

ಹಾಗಾಗಿ ನಾವು ಕಾಗದದಲ್ಲಿ ವಸಂತ್ ಕುಂಜ್‌ನಲ್ಲಿದ್ದೆವು. ನಮ್ಮ ಅಂಚೆ ಬೇಕಾದರೆ ಅಲ್ಲಿ ಭಾನುವಾರದ ಊಟಕ್ಕೆ ಕೂರಬೇಕಿತ್ತು. ಸಾರು ಬಡಿಸುವ ಹೊತ್ತಿಗೆ ಸರಿಯಾಗಿ ಮಾವ ಪೊಲೀಸ್ ಪೇದೆಯ ಕಥೆ ತೆಗೆಯುತ್ತಿದ್ದರು. ನನ್ನ ಪಾಸ್‌ಪೋರ್ಟಿನ ವಿಚಾರಣೆಗೆ ಪೇದೆ ಬಂದದ್ದು, ಇವರು ಅವನಿಗೆ ಚಹಾ ಕುಡಿಸಿದ್ದು, ‘ಹುಡುಗ ಇಲ್ಲೇ ಇರೋದು, ಕೆಲಸಕ್ಕೆ ಹೋಗಿದಾನೆ’ ಎಂದು ಕಣ್ಣು ಮಿಟುಕಿಸದೆ ಹೇಳಿದ್ದು. ಪ್ರತಿ ಸಲವೂ ಕೊನೆಗೆ ನನ್ನ ಕಡೆ ತಿರುಗಿ, “ಏನ್ ಪ್ರೊಫೆಸರ್ ಸಾಹೇಬ್ರೇ, ನಾವಿಲ್ದಿದ್ರೆ ನೀವು ಈ ದೇಶದಲ್ಲಿ ಇದೀರಿ ಅನ್ನೋದಕ್ಕೇ ಸಾಕ್ಷಿ ಇರ್ತಿರ್ಲಿಲ್ಲ” ಎನ್ನುತ್ತಿದ್ದರು.

ನಾನು ಪ್ರೊಫೆಸರ್ ಆಗಿರಲಿಲ್ಲ. ಗ್ರೇಟರ್ ನೋಯ್ಡಾದ ಒಂದು ಖಾಸಗಿ ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಪಾಠ ಹೇಳುತ್ತಿದ್ದೆ. ಹುಡುಗರು ಫೋನು ನೋಡುತ್ತ ಕೂರುತ್ತಿದ್ದರು, ಆಡಳಿತದವರು ಹಾಜರಿ ನೋಡುತ್ತ ಕೂರುತ್ತಿದ್ದರು. ಅಲ್ಲಿಂದ ಬಿಡಿಸಿಕೊಳ್ಳಲು ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕೊನೆಗೆ ಯೂರೋಪಿನ ಒಂದು ಚಿಕ್ಕ ದೇಶದ ವಿಶ್ವವಿದ್ಯಾಲಯ ಸಂಶೋಧನೆಯ ಹುದ್ದೆ ಕೊಡುತ್ತೇನೆಂದಿತು. ೨೦೦೮ ಇರಬೇಕು. ಹೆಂಡತಿ ೨೦೦೭ ಎನ್ನುತ್ತಾಳೆ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಆ ದೇಶದ ತೆರಿಗೆ ಸಂಖ್ಯೆ ನನ್ನ ಬಳಿ ಇರಬೇಕಿತ್ತು. ಹೊರದೇಶದವರು ಅದನ್ನು ಆನ್‌ಲೈನಿನಲ್ಲೇ ಪಡೆಯಬಹುದು: ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಕಳಿಸಬೇಕು, ಅದರಲ್ಲಿರುವ ವಿಳಾಸಕ್ಕೆ ಗುಪ್ತ ಅಂಕೆಯೊಂದು ಅಂಚೆಯಲ್ಲಿ ಬರುತ್ತದೆ, ಅದನ್ನು ಜಾಲತಾಣದಲ್ಲಿ ತುಂಬಿ ಕೆಲವು ಪ್ರಶ್ನೆಗಳಿಗೆ ಉತ್ತರಿಸಿದರೆ ಸಂಖ್ಯೆ ಕಾಣಿಸುತ್ತದೆ. ಬೇಸಿಗೆ ಮುಗಿಯುವುದರೊಳಗೆ ಸಂಖ್ಯೆ ಬರದಿದ್ದರೆ ಹುದ್ದೆ ಪಟ್ಟಿಯಲ್ಲಿ ನನ್ನ ಹಿಂದಿರುವವರಿಗೆ ಹೋಗುತ್ತದೆಂದು ಅಲ್ಲಿನ ಕಾರ್ಯದರ್ಶಿ ಸೌಜನ್ಯದಿಂದ ತಿಳಿಸಿದ್ದಳು.

ಅರ್ಜಿ ಹಾಕಿ ಮಾವನಿಗೆ ಫೋನ್ ಮಾಡಿದೆ. ಏನು ಹೇಳಿದೆ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಜಗಳವಿದೆ. ನನ್ನ ನೆನಪಿನಲ್ಲಿ ನಾನು ಕಾಲೇಜಿನ ಬಸ್ಸಿನಲ್ಲಿದ್ದೆ, ಒಬ್ಬನೇ ಇದ್ದೆ, ‘ಪತ್ರ ಬಂದರೆ ತೆಗೆದಿಡಿ, ಬಂದು ಒಯ್ಯುತ್ತೇನೆ’ ಎಂದಷ್ಟೇ ಹೇಳಿದೆ.

ಕೆಲವು ವಾರ ಕಳೆದು ಕಾಲೇಜಿನ ಕಂಪ್ಯೂಟರಿನಲ್ಲಿ ಮೇಲ್ ತೆರೆದರೆ ಆ ದೇಶದ ತೆರಿಗೆ ಕಚೇರಿಯ ಸಂದೇಶ ಕೂತಿತ್ತು. ತಾವು ಕೊಟ್ಟ ವಿಳಾಸದಲ್ಲಿ ತಾವು ವಾಸವಿಲ್ಲವೆಂದು ತಾವೇ ತಿಳಿಸಿರುವುದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ. ಇದು ತಪ್ಪಾಗಿದ್ದರೆ ಮನೆಯ ಮಾಲೀಕರ ಸಹಿಯುಳ್ಳ ಹೇಳಿಕೆಯನ್ನು ಕಳುಹಿಸುವುದು.

ನಾನೇ ತಿಳಿಸಿದ್ದೇನೆ! ಮೊದಲು ನನ್ನ ಮೇಲೇ ಅನುಮಾನ ಬಂತು. ಗೀಸರ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ವಾಪಸು ಬರುವವನು ನಾನು. ಹೆಂಡತಿಗೆ ಫೋನ್ ಮಾಡಿದೆ, ಅವಳು ವಸಂತ್ ಕುಂಜ್‌ಗೆ ಮಾಡಿದಳು. ಪತ್ರ ಎಂದೋ ಬಂದಿತ್ತಂತೆ. “ಅದನ್ನ ನಾನೇ ಮುಗಿಸಿದೀನಲ್ಲಮ್ಮ” ಎಂದರಂತೆ ಮಾವ.

ಭಾನುವಾರದವರೆಗೆ ಕಾಯಲಿಲ್ಲ. ಆ ಸಂಜೆಯೇ ಇಬ್ಬರೂ ಹೋದೆವು. ಆಟೋದಲ್ಲಿ ಅವಳು, “ನೀವು ಬಾಯಿ ಬಿಡಬೇಡಿ, ನಾನು ಮಾತಾಡ್ತೀನಿ” ಎಂದಳು. ಬಾಗಿಲು ತೆರೆದ ಕೂಡಲೇ ನಾನು ಬಾಯಿ ಬಿಟ್ಟೆ.

“ನನ್ನ ಪತ್ರ ಯಾಕೆ ಒಡೆದ್ರಿ?”

“ನೀವೇ ಹೇಳಿದ್ರಲ್ಲ. ಒಡೆದು ನೋಡಿ, ಅಲ್ಲಿಂದ ಬರೋಕೆ ಪುರಸೊತ್ತಿಲ್ಲ, ನಿಮ್ಮ ಮಗನಿಗೆ ಮೇಲ್ ಮಾಡೋಕೆ ಅಂತ ಮನೇಲಿ ಕಂಪ್ಯೂಟರ್ ಇದೆಯಲ್ಲ, ತುಂಬಿಬಿಡಿ ಅಂತ.”

“ಸಾಧ್ಯವೇ ಇಲ್ಲ. ನಾನು ಹಾಗೆ ಹೇಳಿಲ್ಲ.”

“ಹೇಳಿದ್ರಿ ರೀ,” ಎಂದಳು ಹೆಂಡತಿ. “ನಾನು ಪಕ್ಕದಲ್ಲೇ ಬಟ್ಟೆ ಮಡಚ್ತಿದ್ದೆ.”

ಬಸ್ಸಿನಲ್ಲಿ ಬಟ್ಟೆ ಮಡಚುತ್ತಿದ್ದಳೇ? ಅವಳ ಮುಖ ನೋಡಿದೆ. ಮಾವನನ್ನು ಉಳಿಸಲು ಸುಳ್ಳು ಹೇಳುವವಳಲ್ಲ, ಆದರೆ ನನ್ನನ್ನು ಸೋಲಿಸಲು ಹೇಳಿದರೂ ಹೇಳಿಯಾಳು. ತತ್ತ್ವಶಾಸ್ತ್ರದ ತರಗತಿಯಲ್ಲಿ ಸಾಕ್ಷ್ಯ, ಪ್ರಮಾಣ ಎಂದು ವರ್ಷಗಟ್ಟಲೆ ಪಾಠ ಹೇಳಿದವನಿಗೆ ಒಂದು ಫೋನ್ ಕರೆಯನ್ನು ಸಾಬೀತು ಮಾಡಲಾಗಲಿಲ್ಲ.

“ಇರಲಿ. ನಾನು ಇಲ್ಲಿ ವಾಸವಿಲ್ಲ ಅಂತ ಯಾಕೆ ಹಾಕಿದ್ರಿ?”

ಮಾವ ಕನ್ನಡಕ ತೆಗೆದರು. “ಪ್ರಶ್ನೆ ಕೇಳಿದ್ರು. ಅರ್ಜಿದಾರರು ಈ ವಿಳಾಸದಲ್ಲಿ ವಾಸವಾಗಿದ್ದಾರೆಯೇ? ಇಲ್ಲ ಅಂತ ಒತ್ತಿದೆ. ನೀವು ಇರೋದು ಇಂದಿರಾಪುರಂನಲ್ಲಿ.”

“ಪೇದೆಗೆ ಹೇಳುವಾಗ ಎಲ್ಲಿದ್ದೆ?”

“ಅದು ನಮ್ಮ ಮನೆಯೊಳಗಿನ ಮಾತು. ಅವನಿಗೂ ಗೊತ್ತು, ನನಗೂ ಗೊತ್ತು. ಇದು ಇನ್ನೊಂದು ದೇಶ. ಅಲ್ಲಿನ ಸರ್ಕಾರದ ಮುಂದೆ ಇಂಡಿಯಾದ ಒಬ್ಬ ಅಧಿಕಾರಿ ಸುಳ್ಳು ಹೇಳಿದ ಅಂತ ಆಗಬಾರದು.”

“ನಿಮ್ಮನ್ನು ಯಾರೂ ಕೇಳಲಿಲ್ಲ ಸರ್. ಕೇಳಿದ್ದು ನನ್ನನ್ನು!”

“ಹಂಗಾದ್ರೆ ನೀವೇ ಬಂದು ತುಂಬಬೇಕಿತ್ತು.”

ಮಾಲೀಕರ ಹೇಳಿಕೆಗೆ ಸಹಿ ಹಾಕಿ ಎಂದು ಹೆಂಡತಿ ಮೆತ್ತಗೆ ಕೇಳಿದಳು. ಸುಳ್ಳು ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದರು. ನನ್ನ ಎರಡು ವರ್ಷಗಳ ಅರ್ಜಿಗಳು, ಆ ಕಾಲೇಜು, ಆ ಹಾಜರಿ ಪುಸ್ತಕ ಎಲ್ಲವೂ ಈ ಮನುಷ್ಯನ ತಡವಾಗಿ ಹುಟ್ಟಿದ ಪ್ರಾಮಾಣಿಕತೆಗೆ ಸಿಕ್ಕಿಕೊಂಡಿದ್ದವು. ನಾನು ಏನೋ ಕೆಟ್ಟದಾಗಿ ಅಂದೆ. ಏನೆಂದು ನೆನಪಿಲ್ಲ. ‘ಕೇರಾಫ್ ದೊರೆ’ ಎಂದೆನಂತೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, ಎಂದರೆ ಮಾವನ ಹೆಂಡತಿ, “ಸುಳ್ಳಾದ್ರೆ ತಾನೇ ತೊಂದರೆ? ಬಂದು ಇಲ್ಲೇ ಇರಲಿ. ಹಿಂದಿನ ರೂಮು ಖಾಲಿ ಇದೆ, ಮಂಚ ಸ್ವಲ್ಪ ಕಿರುಗುಟ್ಟುತ್ತೆ ಅಷ್ಟೇ” ಎಂದರು.

ನಾನು ಆಗುವುದಿಲ್ಲ ಎನ್ನುವಷ್ಟರಲ್ಲಿ ಹೆಂಡತಿ “ಆಯ್ತು ಅತ್ತೆ” ಎಂದಾಗಿತ್ತು.

“ಚಲೋ,” ಎಂದರು ಮಾವ. “ಸಾಮಾನು ಬಂದ ದಿನ ಸಹಿ ಹಾಕ್ತೀನಿ.”

ಹಾಗೆ ನಾವು ಕಾಗದದಲ್ಲಿದ್ದ ಮನೆಗೆ ನಿಜವಾಗಿಯೂ ಬಂದೆವು. ಮಾವ ಗೇಟಿನ ಬಳಿ ನಿಂತು ಸೂಟ್‌ಕೇಸು, ಫ್ಯಾನು, ಪುಸ್ತಕದ ಡಬ್ಬಗಳು ಇಳಿಯುವುದನ್ನು ನೋಡಿ ಮೇಲೆ ಹೋಗಿ ಸಹಿ ಹಾಕಿದರು, ಕೆಳಗೆ ತಮ್ಮ ಹಿಂದಿನ ಹುದ್ದೆಯನ್ನೂ ಬರೆದರು. ಹೇಳಿಕೆ ಕಳಿಸಿದೆ. ಇನ್ನೊಂದು ಗುಪ್ತ ಅಂಕೆ ಅಂಚೆಗೆ ಹಾಕುತ್ತೇವೆಂದು ಉತ್ತರ ಬಂತು. ಆಮೇಲಿನ ದಿನಗಳು ಹೊಲಸಾಗಿದ್ದವು. ಅವರು ಓದಿ ಮಡಚಿಟ್ಟ ಮೇಲೆ ನನಗೆ ಪೇಪರು. ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ “ಟ್ಯಾಂಕರ್ ನೀರು ಅಳಿಯಂದ್ರೇ” ಎಂಬ ಎಚ್ಚರಿಕೆ. ಬಂದ ಅತಿಥಿಗಳಿಗೆಲ್ಲ, “ಇವರು ಈಗ ಕಾಯ್ದೆ ಪ್ರಕಾರ ನಮ್ಮಲ್ಲಿದ್ದಾರೆ” ಎಂದು ಪರಿಚಯಿಸುತ್ತಿದ್ದರು. ವಸಂತ್ ಕುಂಜ್‌ನಿಂದ ಗ್ರೇಟರ್ ನೋಯ್ಡಾಕ್ಕೆ ಹೋಗಿಬರುವುದರಲ್ಲೇ ದಿನದ ಅರ್ಧ ಕಳೆಯುತ್ತಿತ್ತು. ರಾಜೀನಾಮೆ ಕೊಡಲು ಧೈರ್ಯವಿಲ್ಲ, ಸಂಖ್ಯೆ ಬಂದಿಲ್ಲ.

ಪತ್ರ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಮಾವ ಅದನ್ನು ಒಡೆಯದೆ, ಎರಡು ಬೆರಳಲ್ಲಿ ಹಿಡಿದು ತಂದು ಕಂಪ್ಯೂಟರಿನ ಪಕ್ಕ ಇಟ್ಟರು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ನಾನು ಅಂಕೆ ತುಂಬಿದೆ. ವಾಸದ ಪ್ರಶ್ನೆ ಬಂತು. ಹೌದು ಎಂದು ಒತ್ತಿದೆ. ಮುಂದಿನ ಪುಟ ತೆರೆಯಲಿಲ್ಲ; ಪರದೆಯ ಮೇಲೆ ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇತ್ತು.

“ಇದು ನನ್ನ ಖಾಸಗಿ ವಿಷಯ ಸರ್. ಸ್ವಲ್ಪ ಆಚೆ ಹೋಗ್ತೀರಾ?”

“ನನ್ನ ಮನೆಯಲ್ಲಿ ನಾನ್ಯಾಕೆ ಆಚೆ ಹೋಗ್ಲಿ?”

ನಾನೇ ಎದ್ದು ಹೋಗುವಂತೆಯೂ ಇರಲಿಲ್ಲ. ಪುಟ ತೆರೆಯುವಾಗ ಎದ್ದರೆ ಅವರು ಮತ್ತೇನಾದರೂ ಒತ್ತಿಬಿಟ್ಟಾರು. ಇಬ್ಬರೂ ಒಂದೇ ಪರದೆಯನ್ನು ದುರುಗುಟ್ಟಿ ನೋಡುತ್ತ ಕೂತೆವು. ಸಂಖ್ಯೆ ಬಂತು. ಮಾವ ಅದನ್ನು ಗಟ್ಟಿಯಾಗಿ, ಪರೇಡಿನಲ್ಲಿ ಕೂಗುವಂತೆ ಓದಿದರು. ನಾನು ಬರೆದುಕೊಂಡೆ. ಇನ್ನೊಮ್ಮೆ ಓದಿ ಎಂದೆ, ತಪ್ಪಾಗಿರಬಾರದೆಂದು. ಓದಿದರು.

ಆಗಲೇ ಕಾರ್ಯದರ್ಶಿಗೆ ಮೇಲ್ ಕಳಿಸಿದೆ. ಸೋಮವಾರ ಒಪ್ಪಂದ ಬಂತು, ಮಂಗಳವಾರ ಕಾಲೇಜಿಗೆ ರಾಜೀನಾಮೆ ಕೊಟ್ಟೆ. ವೀಸಾ ಬರುವವರೆಗೆ ಅದೇ ಹಿಂದಿನ ರೂಮಿನಲ್ಲಿದ್ದೆವು. ಊಟದ ಹೊತ್ತಿಗೆ ಮಾವನ ಪೇದೆಯ ಕಥೆಗೆ ಎರಡನೇ ಭಾಗ ಸೇರಿತ್ತು: ಅಳಿಯನಿಗೆ ಯೂರೋಪಿನ ಕೆಲಸ ಕೊಡಿಸಿದ್ದು ತಾವೇ ಎಂದು. ನಾನು ತಟ್ಟೆ ನೋಡುತ್ತ ಉಣ್ಣುತ್ತಿದ್ದೆ. ಆ ಶನಿವಾರ ಅವರನ್ನು ಆಚೆ ಹೋಗಿ ಎಂದು ನಾನು ಕೇಳಲೇ ಇಲ್ಲ, ಎರಡೂ ಕೈ ಜೋಡಿಸಿ ಕೂತಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಆ ಹೊತ್ತಿನಲ್ಲಿ ಅವಳು ಅತ್ತೆಯ ಜೊತೆ ತರಕಾರಿ ತರಲು ಹೋಗಿದ್ದಳೆಂದು ನಾನು ನಂಬಿದ್ದೇನೆ.