ಹಂಪಯ್ಯ ತಾವೇ ಮಾಡಿಕೊಂಡ ಫೋಟೋ

ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲಿ ಹಂಪಯ್ಯನವರ ಮನೆಗೆ ಬರುವವರು ಬಾಗಿಲು ಬಡಿಯುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತಿದ್ದರು. ಕಟ್ಟಡದ ಕೆಲಸಕ್ಕೆಂದು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಜನ. ಕೈಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸೋ, ಮೊಬೈಲಿನಲ್ಲಿ ಯಾರದೋ ಮದುವೆಯ ಗುಂಪು ಚಿತ್ರವೋ ಇರುತ್ತಿತ್ತು. ಎದುರು ಮನೆಯ ನನಗೆ ಅವರು ನಿಂತ ರೀತಿಯಿಂದಲೇ ತಿಳಿಯುತ್ತಿತ್ತು, ಯಾರೋ ತೀರಿಕೊಂಡಿದ್ದಾರೆ ಎಂದು.

ಹಂಪಯ್ಯನವರು ಸತ್ತವರ ಫೋಟೋ ಮಾಡಿಕೊಡುತ್ತಿದ್ದರು. ನಮ್ಮಲ್ಲಿ ಶಿವಗಣಾರಾಧನೆಯ ದಿನ ತೀರಿಕೊಂಡವರ ಫೋಟೋ ಇಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿ, ಬಂದವರಿಗೆ ಊಟಕ್ಕೆ ಬಡಿಸುತ್ತಾರೆ. ದುಡಿಯಲು ಬಂದವರ ಹತ್ತಿರ ಒಬ್ಬರೇ ನಿಂತು ತೆಗೆಸಿಕೊಂಡ ಫೋಟೋ ಇರುವುದು ಅಪರೂಪ. ಹಂಪಯ್ಯನವರು ತಮ್ಮ ಕಂಪ್ಯೂಟರಿನಲ್ಲಿ ಗುಂಪಿನ ಉಳಿದವರನ್ನೆಲ್ಲ ತೆಗೆದು ಆ ಒಬ್ಬರನ್ನು ಉಳಿಸುತ್ತಿದ್ದರು. ಮಸುಕಾದ ಕಣ್ಣು ಬಿಡಿಸುತ್ತಿದ್ದರು. ಕೆಳಗೆ ಹೆಸರು, 'ಲಿಂಗೈಕ್ಯ' ಎಂಬ ಮಾತು, ತಾರೀಖು ಬರೆಯುವ ಕೆಲಸ ನನ್ನದು. ಕನ್ನಡ ಟೈಪು ನಾನು ಅವರ ಆ ಕಂಪ್ಯೂಟರಿನಲ್ಲೇ ತಡವರಿಸುತ್ತ ಕಲಿತೆ.

"ಕೋಟು ಹಾಕಿ ಮಾಡ್ರಿ ಅಣ್ಣಾರ," ಎನ್ನುತ್ತಿದ್ದರು ಬಂದವರು.

"ಇದ್ದಾಗ ಕೋಟು ಹಾಕ್ಕೊಂಡಿದ್ನೇನು?"

"ಇಲ್ರಿ. ಈಗರ ಹಾಕ್ಕೊಳ್ಳಿ ಬಿಡ್ರಿ."

ಹಂಪಯ್ಯನವರು ಕೋಟು ಹಾಕುತ್ತಿದ್ದರು. ಮುಖಕ್ಕೆ ಮಾತ್ರ ಬಿಳುಪು ಬಳಿಯುತ್ತಿರಲಿಲ್ಲ. "ಮಾರಿ ಅವಂದ ಇರ್ಲಿ. ಇಲ್ಲಂದ್ರ ಅವರವ್ವ ಯಾರ ಮುಂದ ಕುಂತು ಅಳಬೇಕು?" ಎನ್ನುತ್ತಿದ್ದರು.

ಅವರೂ ಶಹಾಪುರದ ಹತ್ತಿರದ ಹಳ್ಳಿಯಿಂದ ಹೀಗೆಯೇ ದುಡಿಯಲು ಬಂದವರು. ಜೀಡಿಮೆಟ್ಲಾದಲ್ಲಿ ಔಷಧಿಯ ಪುಡಿ ತಯಾರಿಸುವ ಕಾರ್ಖಾನೆಯಲ್ಲಿ ವಯಸ್ಸೆಲ್ಲ ಕಳೆದರು. ತೆಲುಗಿನ ಸೂಪರ್‌ವೈಸರ್ ಹೇಳಿದ್ದನ್ನು ಕನ್ನಡದ ಕೂಲಿಗಳಿಗೆ, ಕೂಲಿಗಳ ಕಷ್ಟವನ್ನು ಸೂಪರ್‌ವೈಸರಿಗೆ ತಿಳಿಸುವುದೂ ಅವರ ಕೆಲಸವೇ ಆಗಿತ್ತು. ಎದೆ ಕಟ್ಟತೊಡಗಿದಾಗ ಕಾರ್ಖಾನೆ ಬಿಟ್ಟರು. ಮುಂದೇನು ಎಂದು ಯೋಚಿಸಿ, ಅಮೀರ್‌ಪೇಟೆಗೆ ಬಸ್ಸಿನಲ್ಲಿ ಹೋಗಿ ಫೋಟೋ ಕೆಲಸ ಕಲಿತರು. ಆ ತರಗತಿಯಲ್ಲಿ ತಲೆ ನರೆತವರು ಇವರೊಬ್ಬರೇ. ಮೊದಲ ದಿನ ಮೇಷ್ಟ್ರು ಇವರನ್ನು ನೋಡಿ, ಮಗನನ್ನು ಸೇರಿಸಲು ಬಂದಿರಾ ಎಂದು ಕೇಳಿದರಂತೆ. "ಮಗ ಇಲ್ರಿ, ನಾನೇ ಬಂದೀನಿ," ಎಂದು ಹೇಳಿ ಹಿಂದಿನ ಬೆಂಚಿನಲ್ಲಿ ಕುಳಿತರಂತೆ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ.

ಹಳೆಯ ಕಂಪ್ಯೂಟರೊಂದನ್ನು ಕೊಂಡು, ಚಿತ್ರ ಚೆನ್ನಾಗಿ ಕಾಣಲೆಂದು ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದರು. ಪ್ರತಿ ವರ್ಷ ಆಯುಧ ಪೂಜೆಯ ದಿನ ಅದರ ಡಬ್ಬಿ ಬಿಚ್ಚಿ ಧೂಳು ಊದಿ, ಹೊರಮೈಗೆ ವಿಭೂತಿಯ ಮೂರು ಪಟ್ಟಿ ಎಳೆದು, ಬನ್ನಿ ಇಟ್ಟು ಕೈಮುಗಿಯುತ್ತಿದ್ದರು.

ಹೋದ ವರ್ಷ ಆ ಹಬ್ಬಕ್ಕೆ ಅವರು ಮನೆಯಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ದರು. ಪೂಜೆಯನ್ನು ಅವರ ಹೆಂಡತಿ ಗದಿಗೆಮ್ಮನವರು ಒಬ್ಬರೇ ಮಾಡಿದರು.

ಮನೆಗೆ ಬಂದಾಗ ಹಂಪಯ್ಯನವರ ಜೊತೆ ಆಮ್ಲಜನಕದ ಯಂತ್ರವೂ ಬಂತು. ಇನ್ನು ಔಷಧಿಯಿಂದ ಆಗುವಂಥದ್ದು ಹೆಚ್ಚಿಲ್ಲ ಎಂದು ಡಾಕ್ಟರು ಅವರಿಗೇ ಹೇಳಿದ್ದರು. ಅವರು ಅದನ್ನು ಮುಚ್ಚಿಡಲಿಲ್ಲ. ನಾನು ನೋಡಲು ಹೋದಾಗ, "ತಂಗೆವ್ವ, ಇನ್ನೊಂದು ಹೆಸರು ಬರೀಬೇಕು ನೀ," ಎಂದರು.

"ಯಾರದು ಅಣ್ಣಾ?"

"ನಂದ. ನನ್ನ ಫೋಟೋ ನಾನ ಮಾಡ್ಕೋತೀನಿ. ಕೈ ನಡದಾಗ ಮಾಡ್ಬೇಕು."

ಗದಿಗೆಮ್ಮ ಚಹಾದ ಕಪ್ಪು ಕೆಳಗಿಟ್ಟು ಒಳಗೆ ಹೋದರು.

ಕಂಪ್ಯೂಟರು ಹಚ್ಚಿದರೆ ಎಲ್ಲ ದಪ್ಪ ದಪ್ಪ ಕಂಡಿತು. ಅಕ್ಷರಗಳು ಊದಿಕೊಂಡಿದ್ದವು, ಚಿತ್ರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು. ಅವರ ಫೋಟೋ ಪ್ರೋಗ್ರಾಮು ತೆರೆಯಲೇ ಇಲ್ಲ. ಗ್ರಾಫಿಕ್ಸ್ ಡ್ರೈವರ್ ಸಿಗುತ್ತಿಲ್ಲ ಎಂದು ಬರೆದು ತೋರಿಸಿ ಮುಚ್ಚಿಕೊಂಡಿತು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಪೂರ್ವಿಯನ್ನು ಕರೆದೆ. ಉಡುಪಿಯ ಕಡೆಯ ಹುಡುಗಿ, ಐಟಿ ಕಂಪನಿಯ ಕೆಲಸ. ಬಂದು ನೆಲದ ಮೇಲೆ ಕುಳಿತು ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಡ್ರೈವರ್ ಅಂದ್ರೇನವ್ವ?" ಗದಿಗೆಮ್ಮ ಬಾಗಿಲಲ್ಲಿ ನಿಂತು ಕೇಳಿದರು.

"ಅದೊಂದು ಸಾಫ್ಟ್‌ವೇರ್ ಆಂಟಿ. ಕಂಪ್ಯೂಟರ್ ಹೇಳೋದು ಕಾರ್ಡಿಗೆ ಅರ್ಥ ಆಗೋದಿಲ್ಲ. ಇದು ನಡುವೆ ನಿಂತು ತಿಳಿಸ್ತದೆ."

"ಅಂದ್ರ ಜೀಡಿಮೆಟ್ಲಾದಾಗ ನಾ ಮಾಡಿದ ಕೆಲಸ," ಎಂದರು ಹಂಪಯ್ಯ. "ಅದಕ್ಕೂ ನನ್ನಂಗ ಎದಿ ಕಟ್ಟೈತಿ."

ಪೂರ್ವಿ ಕಾರ್ಡಿನ ಕಂಪನಿಯ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡು ಹಾಕಿ ನೋಡಿದಳು. ಹೊಂದುವ ಕಾರ್ಡೇ ಇಲ್ಲ ಎಂದಿತು. ಇದ್ದದ್ದನ್ನು ಅಳಿಸಿ, ಹಳೆಯ ಆವೃತ್ತಿ ಹುಡುಕಿ ಹಾಕಿದಳು. ಮತ್ತೆ ಅದೇ ಉತ್ತರ. ಕಂಪ್ಯೂಟರಿನಲ್ಲಿ ಏನೇನು ಜೋಡಿಸಿದೆ ಎಂದು ತೋರಿಸುವ ಪಟ್ಟಿ ತೆಗೆದಳು. ಧ್ವನಿಯದು ಇತ್ತು, ಕೀಬೋರ್ಡು ಇತ್ತು, ಆ ಕಾರ್ಡಿನ ಹೆಸರು ಮಾತ್ರ ಇರಲಿಲ್ಲ.

"ಅಂಕಲ್, ಡ್ರೈವರಿನ ತೊಂದರೆ ಅಲ್ಲ ಅಂತ ಕಾಣ್ತದೆ. ಕಾರ್ಡನ್ನೇ ಇದು ಗುರುತಿಸ್ತಾ ಇಲ್ಲ."

"ಒಳಗ ಕುಂತೈತಲ್ಲವ್ವ. ಫ್ಯಾನ್ ತಿರಗಾಕತ್ತೈತಿ."

"ಫ್ಯಾನ್ ತಿರುಗ್ತದೆ. ಆದರೆ ಕಾರ್ಡಿಂದ ಯಾವ ಮಾತೂ ಬರ್ತಾ ಇಲ್ಲ. ಕೆಟ್ಟಿರಬಹುದು. ಶನಿವಾರ ಬಿಚ್ಚಿ ನೋಡುವ."

ಗದಿಗೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.

ಮರುದಿನ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ಗದಿಗೆಮ್ಮನೇ ನನ್ನ ಹತ್ತಿರ ಬಂದರು. ಬಹಳ ಹೊತ್ತು ಒಂದೇ ಟವೆಲನ್ನು ಕೊಡವುತ್ತಿದ್ದರು.

"ಪ್ರತಿ ವರ್ಷ ಹಬ್ಬದಾಗ ಇವರು ವಿಭೂತಿ ಹೊರಗ ಹಚ್ಚತಿದ್ರು. ಈ ಸಲ ಇವರ ಜೀವದ ಸಲುವಾಗಿ ಪೂಜಿ ಮಾಡಾಕತ್ತೀನಲ್ಲ, ಹೊರಗ ಹಚ್ಚಿದ್ರ ಸಾಲದು ಅನಿಸ್ತು," ಎಂದರು. "ಡಬ್ಬಿ ಬಿಚ್ಚಿದೆ. ಆ ಕಾರ್ಡು ಹಿಡದ ಜಗ್ಗಿದೆ, ಬಂತು. ಒಂದು ಕಡೆ ಬಂಗಾರದ ಹಲ್ಲು ಜೋಡಿಸಿದಂಗ ಇದ್ವು. ಇದ ಇದರ ಮಾರಿ ಇರಬೇಕು ಅಂದ್ಕೊಂಡು, ಗಟ್ಟಿ ವಿಭೂತಿ ನೀರಾಗ ತೇಯ್ದು ಮೂರು ಪಟ್ಟಿ ಹಚ್ಚಿ, ಒಣಗಿದ ಮ್ಯಾಲ ಹಂಗ ತುರುಕಿದೆ. ಟಿವಿ ಕಪ್ಪಾತು. ಆ ವಾಯರ್ ಇನ್ನೊಂದು ತೂತಿಗೆ ಹಾಕಿದೆ, ಬೆಳಕು ಬಂತು. ಸಾಕು ಅಂತ ಬಿಟ್ಟೆ."

"ಅಣ್ಣಗ ಹೇಳ್ರಿ ವೈನಿ. ಅದರಾಗ ಏನೈತಿ ತಪ್ಪು?"

"ಹೇಳಬೌದಿತ್ತು. ಆದ್ರ ಅವರು ತಮ್ಮ ಫೋಟೋ ಮಾಡ್ತೀನಿ ಅಂದ್ರಲ್ಲ ಯವ್ವಾ. ಮಿಶನ್ ನಿಂತೈತಿ ಅಂತನ ಫೋಟೋ ಆಗಿಲ್ಲ. ಫೋಟೋ ಆಗೂತನಕ ಇವರು ಹೋಗಂಗಿಲ್ಲ ಅಂತ ನನ್ನ ಮನಸಿಗೆ ಹೊಕ್ಕೈತಿ. ನಾ ಹಚ್ಚಿದ ವಿಭೂತಿ ಶಿವಾ ತಡದು ಇಟ್ಟಾನ."

ದೇವರು ಹಾಗೆ ತಡೆಯುವುದಿಲ್ಲ ಎಂದು ಹೇಳಲು ನಾನು ಯಾರು? ತಡೆಯುತ್ತಾನೆ ಎನ್ನಲೂ ಬಾಯಿ ಬರಲಿಲ್ಲ. ಇಬ್ಬರೂ ಸೇರಿ ಆ ಟವೆಲನ್ನು ತಂತಿಗೆ ಹಾಕಿದೆವು.

ಶನಿವಾರ ಪೂರ್ವಿಗೆ ಕಚೇರಿಯಿಂದ ಕರೆ ಬಂದು ಹೋಗಬೇಕಾಯಿತು. ಗದಿಗೆಮ್ಮನ ಮುಖ ಸ್ವಲ್ಪ ಹಗುರಾದದ್ದನ್ನು ನಾನು ಕಂಡೆ.

ಆ ಮಧ್ಯಾಹ್ನ ನಾನು ಬಿಲ್ವಪತ್ರೆ ಕೊಡಲು ಹೋದಾಗ ಹಂಪಯ್ಯನವರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಆ ದಪ್ಪ ಪರದೆಯ ಮೇಲೇ ತಮ್ಮ ಒಂದು ಚಿತ್ರ ತೆರೆದಿದ್ದರು. ಕೀಸರಗುಟ್ಟದ ಶಿವನ ಗುಡಿಯ ಮೆಟ್ಟಿಲಿನ ಮೇಲೆ ಯಾರೋ ತೆಗೆದದ್ದು. ಸುತ್ತ ಜನ, ಪಕ್ಕದಲ್ಲಿ ಗದಿಗೆಮ್ಮ. ಇಳಿಯುವಾಗ ಕಾಲು ಜಾರಿ, ಗಂಡನ ಭುಜ ಹಿಡಿದುಕೊಂಡಿದ್ದರು. ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇದ್ದ ಸಣ್ಣ ಪ್ರೋಗ್ರಾಮೊಂದರಲ್ಲಿ ಅವರು ಕಿವಿಯ ಸುತ್ತ ಗೆರೆ ಎಳೆಯಲು ನೋಡುತ್ತಿದ್ದರು. ಕೈ ನಡುಗಿ ಗೆರೆ ಕೆನ್ನೆಯೊಳಗೆ ಹೋಗುತ್ತಿತ್ತು. ಅಳಿಸಿ ಮತ್ತೆ ಎಳೆದರು. ಮತ್ತೆ ಹೋಯಿತು.

ಮೌಸು ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಬಿಡು ಗದಿಗೀ. ಅಂಗಡ್ಯಾಗ ಕೊಡು. ಕೋಟು ಹಾಕಿ, ಮಾರಿಗೆ ಬಿಳುಪು ಬಡದು ಕೊಡ್ತಾರ. ನಿನಗ ಗುರ್ತು ಹತ್ತಂಗಿಲ್ಲ. ಯಾರ ಮುಂದೋ ಕುಂತು ಅತ್ತು ಎದ್ದು ಬಾ."

ನಗಲೆಂದೇ ಹೇಳಿದ ಮಾತು. ಗದಿಗೆಮ್ಮ ನಗಲಿಲ್ಲ. ಗೋಡೆ ಹಿಡಿದು ಕುಳಿತು, ನನಗೆ ಮಹಡಿಯಲ್ಲಿ ಹೇಳಿದ್ದನ್ನೆಲ್ಲ ಅವರ ಮುಂದೆ ಹೇಳಿದರು. ಬಂಗಾರದ ಹಲ್ಲು, ತೇಯ್ದ ವಿಭೂತಿ, ಇನ್ನೊಂದು ತೂತು. ಫೋಟೋ ಆಗಬಾರದು ಎಂದು ಸುಮ್ಮನಿದ್ದದ್ದನ್ನೂ ಹೇಳಿದರು.

ಹಂಪಯ್ಯನವರು ಕುರ್ಚಿಯನ್ನು ಕಂಪ್ಯೂಟರಿನಿಂದ ಹಿಂದಕ್ಕೆ ಸರಿಸಿದರು.

"ವಾಯರ್ ಕಿತ್ತು, ಡಬ್ಬಿ ಬಿಚ್ಚು," ಎಂದರು.

ನಾನು ಮೊಬೈಲಿನ ಬೆಳಕು ಹಿಡಿದೆ. ಗದಿಗೆಮ್ಮ ಕಾರ್ಡು ಹೊರತೆಗೆದು ಗಂಡನ ಕೈಯಲ್ಲಿಟ್ಟರು. ಹಳದಿ ಲೋಹದ ಆ ಸಾಲಿನ ಮೇಲೆ ಬಿಳಿಯ ಪಟ್ಟಿಗಳು ಒಣಗಿ ಗಟ್ಟಿಯಾಗಿ ಕುಳಿತಿದ್ದವು.

"ನೋಡು ತಂಗೆವ್ವ, ಎಷ್ಟು ಬರೋಬರಿ ಹಚ್ಯಾಳ. ಒಂಚೂರೂ ಬಿಟ್ಟಿಲ್ಲ," ಎಂದು ಹೇಳಿ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಪೆನ್ಸಿಲ್ಲಿನ ರಬ್ಬರು ತರಿಸಿ, ಅದರಿಂದ ಹೇಗೆ ಮೆಲ್ಲಗೆ ತಿಕ್ಕಬೇಕೆಂದು ತೋರಿಸಿ, ಕಾರ್ಡನ್ನು ಹೆಂಡತಿಗೇ ಕೊಟ್ಟರು. ಅವರ ಕೈ ನಿಲ್ಲುತ್ತಿರಲಿಲ್ಲ.

ಗದಿಗೆಮ್ಮ ತಿಕ್ಕಿದರು. ಪುಡಿ ನೆಲಕ್ಕೆ ಬೀಳದಂತೆ ಮಡಿಲಲ್ಲಿ ಸೆರಗು ಹಾಸಿಕೊಂಡಿದ್ದರು. ಯಾರ ಜೀವಕ್ಕೆಂದು ಹಚ್ಚಿದ್ದರೋ, ಆ ಜೀವದ ಮಾತು ಕೇಳಿ ಒರೆಸುತ್ತಿದ್ದರು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ.

"ಟಕ್ ಅನ್ನೂತನಕ ಒತ್ತು. ಅಂಜಬ್ಯಾಡ."

ಒತ್ತಿದರು. ಟಕ್ ಎಂದಿತು. ವಾಯರನ್ನು ಮೊದಲಿನ ಜಾಗಕ್ಕೆ ಸಿಕ್ಕಿಸಿದೆವು. ಪೂರ್ವಿ ಇಳಿಸಿಟ್ಟಿದ್ದ ಡ್ರೈವರನ್ನು ಹಂಪಯ್ಯನವರೇ ಒತ್ತಿ ಹಾಕಿದರು. ಈ ಸಲ ಅದು ಇಲ್ಲ ಎನ್ನಲಿಲ್ಲ. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿದಾಗ ಅಕ್ಷರಗಳು ಸಣ್ಣಗಾಗಿದ್ದವು. ಮೆಟ್ಟಿಲಿನ ಮೇಲಿನ ಅವರ ಮುಖ ಸ್ಪಷ್ಟವಾಗಿತ್ತು.

ಗದಿಗೆಮ್ಮ ಸೆರಗಿನಲ್ಲಿದ್ದ ಪುಡಿಯಲ್ಲಿ ರಬ್ಬರಿನ ಚೂರುಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಗಂಡನ ಹಣೆಗೆ ಹಚ್ಚಿದರು.

ಫೋಟೋ ಮಾಡಲು ಹಂಪಯ್ಯನವರಿಗೆ ಬಹಳ ದಿನ ಬೇಕಾಯಿತು. ಸ್ವಲ್ಪ ಕೆಲಸ, ಸ್ವಲ್ಪ ಮಲಗುವುದು. ಕೈ ನಡುಗಿದಾಗ ಗದಿಗೆಮ್ಮ ಅವರ ಮಣಿಕಟ್ಟಿನ ಕೆಳಗೆ ತಮ್ಮ ಅಂಗೈ ಇಡುತ್ತಿದ್ದರು. ಮೆಟ್ಟಿಲು ಹೋಯಿತು, ಜನ ಹೋದರು. ಗದಿಗೆಮ್ಮನನ್ನು ತೆಗೆಯುವ ದಿನ ಅವರೇ ಅಡುಗೆಮನೆಗೆ ಎದ್ದುಹೋಗಿ ಜೋಳದ ರೊಟ್ಟಿ ಬಡಿಯುತ್ತ ಕುಳಿತರು. ನಾನು ಕೆಳಗೆ ಹೆಸರು ಬರೆದೆ. ತಾರೀಖಿನ ಜಾಗ ಖಾಲಿ ಬಿಟ್ಟೆ. "ಅದು ಆಮ್ಯಾಲ ಬರೀಯಂತಿ," ಎಂದರು ಹಂಪಯ್ಯ.

ಸಂಕ್ರಾಂತಿ ಕಳೆದ ಮೇಲೆ ಬರೆದೆ. ಬರೆಯುವಾಗ ಆ ಕುರ್ಚಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಆರಾಧನೆಯ ದಿನ ಕಟ್ಟಡದ ಕೆಲಸದವರೇ ಓಣಿ ತುಂಬಿದ್ದರು. ಅವರವರ ಮನೆಯ ಗೋಡೆಯ ಮೇಲೆ ಹಂಪಯ್ಯನವರು ಮಾಡಿದ ಒಂದಲ್ಲ ಒಂದು ಫೋಟೋ ಇತ್ತು. ಅವರ ಫೋಟೋದಲ್ಲಿ ಕೋಟು ಇರಲಿಲ್ಲ. ಬಿಳಿ ಅಂಗಿ, ತಮ್ಮದೇ ಬಣ್ಣದ ಮುಖ, ಹಿಂದೆ ನೀಲಿ. ಎಡಭುಜದ ಮೇಲೆ ಮಾತ್ರ ನಾಲ್ಕು ಬೆರಳು ಉಳಿದಿದ್ದವು. ಒಂದರಲ್ಲಿ ತಾಮ್ರದ ಉಂಗುರ.

ಕೈಮುಗಿಯಲು ಬಂದ ಸೂಗಮ್ಮ ಎಂಬ ಹಿರಿಯ ಹೆಂಗಸು ಫೋಟೋದ ಹತ್ತಿರ ಬಗ್ಗಿ ನೋಡಿದರು. ಹಿಂದೆ ತಮ್ಮ ಮಗನ ಫೋಟೋ ಇಲ್ಲಿಯೇ ಮಾಡಿಸಿಕೊಂಡು ಹೋದವರು.

"ಎಲ್ಲಾರನ್ನೂ ಅಷ್ಟು ಚಂದ ತಗೀತಿದ್ದ ಅಣ್ಣ. ತನ್ನದರಾಗ ಇದೊಂದು ಮರತಾನ ನೋಡ್ರಿ," ಎಂದರು.

ಗದಿಗೆಮ್ಮ ಹೂವು ಸರಿಮಾಡುತ್ತಿದ್ದರು. ಉಂಗುರವಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಇಲ್ಲವ್ವ. ಮರತಿಲ್ಲ," ಎಂದು ಹೇಳಿ, ಎಲೆ ಹಾಕಲು ಒಳಗೆ ಹೋದರು.