ಅವಳ ಗಂಡ ಬದುಕಿದ ವರ್ಷ

ನಮ್ಮವರು ತೀರಿಹೋದದ್ದು ಒಂದು ಬುಧವಾರ. ಅದರ ಮುಂದಿನ ಬುಧವಾರ ಅವಳ ಗಂಡನನ್ನು ಅದೇ ಆಸ್ಪತ್ರೆಯ ಅದೇ ವಾರ್ಡಿನಿಂದ ಮನೆಗೆ ಕಳಿಸಿದರು. ಇಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ, ರಕ್ತದ ಕ್ಯಾನ್ಸರ್. ಇಬ್ಬರಿಗಾಗಿ ಪ್ರಾರ್ಥಿಸಿದವರೂ ಒಂದೇ ಗುಂಪಿನ ಜನ. ಶುಕ್ರವಾರಗಳಂದು ಹಗಲೆಲ್ಲ ಉಪವಾಸವಿದ್ದು, ಸಂಜೆ ಸೇರಿ, ಒಂದೇ ಉಸಿರಿನಲ್ಲಿ ಎರಡು ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದರು. ಅವುಗಳಲ್ಲಿ ಒಂದು ಹೆಸರಷ್ಟೇ ಉಳಿಯಿತು.

ಸಿಂಗಪುರದ ಕ್ಲೆಮೆಂಟಿಯ ಒಂದು ಚರ್ಚಿನ ಮೂರನೇ ಮಹಡಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಕನ್ನಡದ ಆರಾಧನೆ. ಒಟ್ಟು ಹದಿನೈದು ಕುಟುಂಬ. ಇಲ್ಲಿನ ಕನ್ನಡಿಗರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ದೀಪಾವಳಿ ಕಾರ್ಯಕ್ರಮಕ್ಕೆ ಹೋದರೆ, "ನೀವು ಕ್ರಿಶ್ಚಿಯನ್ನಾ? ಮತ್ತೆ ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಾ!" ಎಂದು ಬೆರಗಾಗುವವರು ಈಗಲೂ ಸಿಗುತ್ತಾರೆ. ನಾನು ಧಾರವಾಡದವಳು. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಪ್ರತಿ ಊಟಕ್ಕೂ ಮೊದಲು ಕನ್ನಡದಲ್ಲೇ ಪ್ರಾರ್ಥನೆ. ಜುರಾಂಗ್ ವೆಸ್ಟ್‌ನ ಒಂದು ಶಿಶುವಿಹಾರದಲ್ಲಿ ನಾನು ಟೀಚರ್ ಆಗಿದ್ದೆ. ನಮ್ಮವರು ಹಡಗು ಕಟ್ಟುವ ಯಾರ್ಡಿನಲ್ಲಿ ಬೆಸುಗೆ ಪರಿಶೀಲಿಸುವ ಇನ್ಸ್‌ಪೆಕ್ಟರ್. ನಮಗೆ ಒಬ್ಬಳೇ ಮಗಳು, ಆಗ ಒಂಬತ್ತು ವರ್ಷ.

ಗಂಡ ಬದುಕಿ ಮನೆಗೆ ಬಂದ ಆ ಇನ್ನೊಬ್ಬಳು ಬೆಂಗಳೂರಿನವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಗಂಡ ಹೆಂಡತಿ ಇಬ್ಬರೂ ಐಟಿ. ನಮ್ಮ ಗುಂಪಿಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಅವಳ ಗಂಡನಿಗೆ ಒಬ್ಬ ತಮ್ಮನಿದ್ದ, ಕಸಿ ಮಾಡಲು ಅವನ ಅಸ್ಥಿಮಜ್ಜೆ ಹೊಂದಿತು. ನಮ್ಮವರಿಗೆ ಇಬ್ಬರು ತಂಗಿಯರು. ಹುಬ್ಬಳ್ಳಿಯಿಂದ ಇಬ್ಬರೂ ರಕ್ತದ ಮಾದರಿ ಕಳಿಸಿ ಕಾದರು, ಇಬ್ಬರದೂ ಹೊಂದಲಿಲ್ಲ. ಇದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ. ಹಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ನಮ್ಮವರನ್ನು ಮಣ್ಣು ಮಾಡಿ ಎರಡು ತಿಂಗಳಾದ ಮೇಲೆ ಅವಳು ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. "ಡಾಕ್ಟರ್ಸ್ ಫಿಫ್ಟಿ ಫಿಫ್ಟಿ ಅಂದಿದ್ರು. ನೀವೆಲ್ಲ ಪ್ರೇ ಮಾಡಿದ್ರಿ. ದೇವರು ಕೇಳಿಸಿಕೊಂಡ್ರು," ಎಂದಳು. ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ನನ್ನ ಬಾಯಿಂದಲೂ ಆ ಪದ ಹೊರಟಿತು. ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ತೋಳು ಜಗ್ಗಿ, ಪಿಸುಮಾತು ಎಂದುಕೊಂಡು ಸಾಕಷ್ಟು ಜೋರಾಗಿಯೇ ಕೇಳಿದಳು:

"ಮಮ್ಮಿ, ನಾವೂ ಪ್ರೇ ಮಾಡಿದ್ವಲ್ಲ. ಜೀಸಸ್ ಆಂಟೀದು ಮಾತ್ರ ಕೇಳಿಸ್ಕೊಂಡ್ರಾ?"

ಮುಂದಿನ ಸಾಲಿನವರ ಬೆನ್ನು ನೆಟ್ಟಗಾಯಿತು. ಯಾರೂ ತಿರುಗಿ ನೋಡಲಿಲ್ಲ. ನಾನು ಮಗಳನ್ನು ಗದರಲಿಲ್ಲ. ನನ್ನೊಳಗಿನ ಪ್ರಶ್ನೆಯನ್ನೇ ಅವಳು ಕೇಳಿದ್ದಳು, ಗದರಿಸುವ ಮುಖ ನನಗೆಲ್ಲಿತ್ತು?

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ಓದುವಾಗ ಅಕ್ಕನ ಅಂಕಗಳ ಮೇಲೆ, ಮದುವೆಯಾದ ಹೊಸತರಲ್ಲಿ ಗೆಳತಿಯರ ಮನೆಗಳ ಮೇಲೆ ಪಟ್ಟಿದ್ದೇನೆ. ಅದೆಲ್ಲ ಬಂದು ಹೋಗುವ ನೆಗಡಿ. ಇದು ಹಾಗಲ್ಲ. ಆರಾಧನೆ ಮುಗಿದ ಮೇಲೆ ಅವಳ ಗಂಡ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ. ಆ ತೋಳುಗಳನ್ನು ನೋಡುತ್ತಿದ್ದೆ. ಬೋಳಾಗಿದ್ದ ಅವನ ತಲೆಯಲ್ಲಿ ಕೂದಲು ಬಂದಾಗ, ಮೊದಲಿಗಿಂತ ಗುಂಗುರಾಗಿ ಬಂದಿದೆ ಎಂದು ಎಲ್ಲರೂ ತಮಾಷೆ ಮಾಡಿದರು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಒಂದು ಸಲ ಅವಳು ಹೆಂಗಸರ ನಡುವೆ ನಿಂತು, "ಎಷ್ಟು ಹೇಳಿದ್ರೂ ಒದ್ದೆ ಟವೆಲ್ ಹಾಸಿಗೆ ಮೇಲೇ ಎಸೀತಾರೆ, ಸಾಕಾಗಿಹೋಗಿದೆ," ಎಂದು ದೂರಿದಳು. ಆ ಕ್ಷಣ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಹಾಸಿಗೆಯ ಮೇಲೆ ಟವೆಲ್ ಎಸೆಯಲು ಒಬ್ಬ ಮನುಷ್ಯ ಇದ್ದಾನಲ್ಲ ನಿನಗೆ!

ಅಸೂಯೆ ಅವಳೊಬ್ಬಳ ಮೇಲೆ ಇದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅವಳ ಸಮಾಧಾನದ ಮೇಲೂ ನನಗೆ ಅಸೂಯೆ. ಅವಳು ಕಣ್ಣು ಮುಚ್ಚಿ ಹಾಡಿದರೆ ಮುಖ ಅರಳುತ್ತಿತ್ತು. ಆ ಹಾಡುಗಳನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ, ಆದರೆ ನನ್ನ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ನಮ್ಮ ಮನೆಯ ದೇವರನ್ನು ಯಾರೋ ಕರೆದುಕೊಂಡು ಹೋಗಿ ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದಾರೆ ಎನ್ನಿಸುತ್ತಿತ್ತು.

ಕೊನೆಗೆ ಹೋಗುವುದನ್ನೇ ಬಿಟ್ಟೆ. ಮಗಳಿಗೆ ಟ್ಯೂಷನ್ ಎಂದು ಪಾಸ್ಟರಿಗೆ ಸುಳ್ಳು ಹೇಳಿದೆ. ಜುರಾಂಗ್ ಈಸ್ಟ್‌ನಲ್ಲಿ ರೈಲು ಬದಲಿಸುವಾಗ ದೂರದಲ್ಲಿ ಅವಳಂಥ ಆಕೃತಿ ಕಂಡರೂ ಸಾಕು, ಜನರ ಹಿಂದೆ ಸರಿದು ಮುಂದಿನ ರೈಲಿಗೆ ಕಾಯುತ್ತಿದ್ದೆ. ಪ್ರಾರ್ಥನೆಯೂ ನಿಂತುಹೋಯಿತು. ಊಟಕ್ಕೆ ಮುಂಚೆ ಮಗಳು ತಾನೇ ಎರಡು ಮಾತು ಹೇಳಿ ತಟ್ಟೆಗೆ ಕೈ ಹಾಕುತ್ತಿದ್ದಳು. ನಾನು ಅನ್ನ ಬಡಿಸುತ್ತಿದ್ದೆ.

ಹೀಗೆ ಎಂಟು ತಿಂಗಳು ಕಳೆದವು. ಸುಮಾತ್ರಾದ ಕಾಡುಬೆಂಕಿಯ ಹೊಗೆ ಬಂದು ಎದುರಿನ ವಸತಿ ಬ್ಲಾಕು ಕೂಡ ಮಸುಕಾಗಿ ಕಾಣುತ್ತಿದ್ದ ದಿನಗಳು ಅವು. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬಂದರೆ, ನಮ್ಮ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ, ಮುದುಕರು ಚದುರಂಗ ಆಡುವ ಕಲ್ಲು ಮೇಜಿನ ಹತ್ತಿರ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಅವಳು ಕೂತಿದ್ದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಅಕ್ಕ, ಐದು ನಿಮಿಷ," ಎಂದಳು.

ಎದುರಿಗೆ ಕೂತೆ. ಅವಳು ಮಾಸ್ಕ್ ತೆಗೆದಳು. ಮುಖ ಇಳಿದುಹೋಗಿತ್ತು.

"ಇವರ ಬ್ಲಡ್ ಕೌಂಟ್ ಮತ್ತೆ ಬಿದ್ದಿದೆ. ಎರಡು ಸಲ ಟೆಸ್ಟ್ ಮಾಡಿಸಿದ್ವಿ. ಕಾಯಿಲೆ ವಾಪಸ್ ಬಂದಿರಬಹುದು ಅಂತಾರೆ. ಗುರುವಾರ ಮಜ್ಜೆ ತೆಗೆದು ನೋಡ್ತಾರಂತೆ." ಮಾಸ್ಕನ್ನು ಮಡಚುತ್ತಾ, "ಯಾರಿಗೂ ಹೇಳಿಲ್ಲ. ಸಾಕ್ಷಿ ಹೇಳ್ಬಿಟ್ಟಿದ್ದೀನಲ್ಲ ಅಕ್ಕ. ಈಗ ಹೇಗೆ ಹೇಳ್ಲಿ?" ಎಂದಳು.

ಆಗ ನನಗೆ ಏನಾಯಿತೆಂದು ಇಲ್ಲಿ ಬರೆಯದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನನಗೆ ತಂಪೆನಿಸಿತು. ಎದೆಯ ಮೇಲಿನ ಭಾರವನ್ನು ಯಾರೋ ಕೆಳಗಿಳಿಸಿದ ಹಾಗಾಯಿತು. ಈಗ ಇವಳಿಗೂ ತಿಳಿಯುತ್ತದೆ ಎಂದುಕೊಂಡೆ. ಅದು ಒಂದು ಕ್ಷಣ ಮಾತ್ರ. ಮರುಕ್ಷಣವೇ ನನ್ನ ಬಗ್ಗೆ ನನಗೆ ಎಷ್ಟು ಅಸಹ್ಯವಾಯಿತೆಂದರೆ ತಲೆ ಎತ್ತಿ ಅವಳನ್ನು ನೋಡಲಾಗಲಿಲ್ಲ.

"ಗುರುವಾರ ನೀವು ಬರ್ತೀರಾ?" ಎಂದಳು.

ಆ ಆಸ್ಪತ್ರೆಗೆ ಇನ್ನೆಂದೂ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ್ದವಳು ನಾನು. ಬರ್ತೀನಿ ಎಂದೆ. ಕರುಣೆಯಿಂದ ಅಂದ ಮಾತಲ್ಲ ಅದು, ಮಾಡಿದ ತಪ್ಪಿಗೆ ಕಟ್ಟಿದ ದಂಡ.

ಗುರುವಾರ ಬೆಳಿಗ್ಗೆ ಅವಳ ಗಂಡನನ್ನು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಅದೇ ಕೈ ತೊಳೆಯುವ ದ್ರಾವಣದ ವಾಸನೆ, ಸಂಖ್ಯೆ ಕೂಗುವ ಅದೇ ಯಂತ್ರದ ದನಿ.

"ಪ್ರೇ ಮಾಡೋಕೆ ಆಗ್ತಿಲ್ಲ ಅಕ್ಕ. ಬಾಯಿಗೆ ಮಾತೇ ಬರ್ತಿಲ್ಲ. ನೀವು ಮಾಡಿ."

"ನಾನು ಎಂಟು ತಿಂಗಳಿಂದ ಮಾಡಿಲ್ಲ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾತು ತಾನಾಗಿ ಮುಂದುವರಿಯಿತು. "ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ನಿನ್ನ ಗಂಡ ಉಳಿದ, ನನ್ನ ಗಂಡ ಉಳೀಲಿಲ್ಲ ಅಂತ. ಮೊನ್ನೆ ನೀನು ಬಂದು ಹೇಳಿದಾಗ ಒಂದು ಕ್ಷಣ ನನಗೆ ಖುಷಿ ಆಯ್ತು. ಇಂಥವಳ ಹತ್ರ ಪ್ರಾರ್ಥನೆ ಮಾಡಿಸ್ಕೋತೀಯಾ?"

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಏಳಲಿಲ್ಲ.

"ಹೊಟ್ಟೆಕಿಚ್ಚು ಗೊತ್ತಿತ್ತು," ಎಂದಳು. "ಖುಷಿ ಆಯ್ತು ಅನ್ನೋದು ಗೊತ್ತಿರ್ಲಿಲ್ಲ." ಕಣ್ಣೊರೆಸಿಕೊಂಡಳು. "ಬೇರೆ ಯಾರ ಹತ್ರ ಹೋದ್ರೂ ಏನೂ ಆಗಲ್ಲ, ನಂಬಿಕೆ ಇಡು ಅಂತಾರೆ. ನೀವು ಹಾಗನ್ನಲ್ಲ ಅಂತಾನೇ ನಿಮ್ಮ ಹತ್ರ ಬಂದೆ. ಏನಾದ್ರೂ ಆದ್ರೆ ಹೇಗಿರುತ್ತೆ ಅಂತ ನಿಮಗೊಬ್ಬರಿಗೇ ಗೊತ್ತಿರೋದು. ಆದ್ರೂ ನೀವು ಬದುಕಿದ್ದೀರಲ್ಲ."

ಬದುಕಿದ್ದೇನೆ. ಅದನ್ನು ನಾನು ಒಂದು ಸಂಗತಿಯಾಗಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಗ, ಅಷ್ಟು ದಿನ ಬೇಕೆಂದೇ ದೂರ ಇಟ್ಟಿದ್ದ ಒಂದು ಮಾತು ನೆನಪಿಗೆ ಬಂತು. ಕೊನೆಯ ವಾರ ಇದೇ ಕಟ್ಟಡದಲ್ಲಿ, ನಾನು ಹಾಸಿಗೆಯ ಕಂಬಿ ಹಿಡಿದು ಅಳುತ್ತಿದ್ದಾಗ ನಮ್ಮವರು ಹೇಳಿದ್ದು: "ಅಂಜಬ್ಯಾಡ. ನಾ ಯಾರೂ ಇಲ್ಲದ ಊರಿಗೆ ಹೊಂಟಿಲ್ಲ. ಗುರ್ತಿನಾಂವ ಒಬ್ಬಾಂವ ಅದಾನ ಅಲ್ಲೆ. ನೀವಿಬ್ರೂ ಸಾವಕಾಶ ಬರ್ರಿ." ಆಗ ನನಗೆ ಸಿಟ್ಟು ಬಂದಿತ್ತು, ನಮ್ಮನ್ನು ಬಿಟ್ಟುಹೋಗಲು ಇಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟರಲ್ಲ ಎಂದು. ಅವರ ನೆಮ್ಮದಿಯ ಮೇಲೂ ನಾನು ಅಸೂಯೆಪಟ್ಟಿದ್ದೆ ಎಂದು ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ಅವಳ ಕೈ ಹಿಡಿದುಕೊಂಡೆ. ಸಿಂಗಪುರಕ್ಕೆ ಬಂದಮೇಲೆ ಎಲ್ಲರ ಜೊತೆ ಬೆಂಗಳೂರಿನ ಕನ್ನಡ ಆಡಿ ಆಡಿ ನನ್ನ ಮಾತು ಬದಲಾಗಿತ್ತು. ಆದರೆ ಪ್ರಾರ್ಥನೆ ಬಂದದ್ದು ಅವ್ವನ ಮಾತಿನಲ್ಲಿ.

"ಕರ್ತನ, ನೀ ಸತ್ತ ಗೆಳ್ಯಾನ ಗೋರಿ ಮುಂದ ನಿಂತು ಅತ್ತಾಂವ. ಅಂವನ್ನ ಜೀವಂತ ಎಬ್ಬಸ್ತೀನಿ ಅಂತ ಗೊತ್ತಿದ್ರೂ ಅತ್ತಿ. ಈಗ ಇಲ್ಲೆ ಬಂದು ನಮ್ಮ ಬಾಜೂಕ ಕೂಡು. ನಮಗ ಅಂಜಿಕಿ ಬಂದದ."

ಅಲ್ಲಿಗೆ ನಿಂತೆ. ಮುಂದಿನ ಮಾತು ಏನೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಇಲ್ಲ ಎಂದದ್ದನ್ನು ಇವಳಿಗೆ ಕೊಡು ಎಂದು ನಾನೇ ಕೇಳಬೇಕು. ಯಂತ್ರ ಎರಡು ಸಂಖ್ಯೆ ಕೂಗಿತು. ಹಲ್ಲು ಕಚ್ಚಿಕೊಂಡೇ ಅಂದೆ: "ಈಕಿ ಗಂಡನ್ನ ಉಳಸು."

ಬೆಳಕೇನೂ ಹರಿಯಲಿಲ್ಲ. ಮೂಗು ಸುರಿಯುತ್ತಿತ್ತು, ಅವಳು ಟಿಶ್ಯೂ ಕೊಟ್ಟಳು. ಆದರೆ ಎಂಟು ತಿಂಗಳಲ್ಲಿ ಮೊದಲ ಸಲ, ನಾನು ಆಡಿದ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನಿಸಿತು. ನಮ್ಮವರನ್ನು ಕರೆದುಕೊಂಡವನು ನನ್ನನ್ನು ಬಿಟ್ಟುಹೋಗಿರಲಿಲ್ಲ. ಮುಖ ತಿರುಗಿಸಿಕೊಂಡು ಕೂತವಳು ನಾನೇ, ಅವನು ಪಕ್ಕದಲ್ಲೇ ಇದ್ದ.

ವಾರದ ನಂತರ ಫಲಿತಾಂಶ ಬಂತು. ಕಾಯಿಲೆ ಮರಳಿರಲಿಲ್ಲ, ಯಾವುದೋ ಔಷಧಿಯಿಂದ ಹಾಗಾಗಿತ್ತು. ನಾನು ಬಸ್ಸಿನಲ್ಲಿದ್ದಾಗ ಅವಳು ಫೋನ್ ಮಾಡಿ ಅತ್ತಳು. ನನಗೆ ನಿಜವಾಗಿ ಸಂತೋಷವಾಯಿತು. ಎರಡು ಸ್ಟಾಪ್ ದಾಟುವುದರೊಳಗೆ ಆ ಹಳೆಯ ಉರಿಯೂ ಬಂತು: ಮತ್ತೆ ಅವಳಿಗೇ. ಆದರೆ ಈ ಸಲ ಅದನ್ನು ಬಚ್ಚಿಡಲಿಲ್ಲ. ಕಿಟಕಿಗೆ ತಲೆ ಆನಿಸಿ, ನೋಡಪ್ಪ ಕರ್ತನೇ, ಮತ್ತೆ ಬಂತು, ಇದನ್ನು ನೀನೇ ಇಟ್ಟುಕೋ ಎಂದೆ. ಅದೂ ಪ್ರಾರ್ಥನೆಯೇ ಎಂದು ಯಾರೂ ನನಗೆ ಕಲಿಸಿರಲಿಲ್ಲ.

ಆ ಭಾನುವಾರ ಆರಾಧನೆಗೆ ಹೋದೆ. ಅವಳು ಮತ್ತೆ ಸಾಕ್ಷಿಗೆ ನಿಂತಳು. ಈ ಸಲ, ತಾನು ಹೆದರಿ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನೇ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ. ಯಾರೂ ಸ್ತೋತ್ರ ಎನ್ನಲಿಲ್ಲ. ಆಮೇಲೆ ಒಬ್ಬ ಹಿರಿಯರು ಎದ್ದು, ತಮ್ಮ ಮಗ ತಮ್ಮೊಡನೆ ಮಾತು ಬಿಟ್ಟು ಮೂರು ವರ್ಷವಾಯಿತು ಎಂದು ಹೇಳಿಕೊಂಡು ಅತ್ತರು.

ಮುಂದಿನ ವರ್ಷ, ಕರ್ತನು ಸಾವಿನಿಂದ ಎದ್ದ ಪುನರುತ್ಥಾನದ ಹಬ್ಬದ ಬೆಳಗ್ಗೆ, ತೀರಿಹೋದವರೂ ಒಂದು ದಿನ ಹಾಗೇ ಏಳುತ್ತಾರೆಂದು ನಂಬುವ ನಮ್ಮ ಊರಿನ ವಾಡಿಕೆಯಂತೆ, ನಾನು ಮಗಳ ಜೊತೆ ಚೋವಾ ಚು ಕಾಂಗ್‌ನ ಸ್ಮಶಾನಕ್ಕೆ ಹೋದೆ. ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಅವಳೂ ಅವಳ ಗಂಡನೂ ಬಂದರು. ಅವಳ ಗಂಡ ದಾರಿಯಲ್ಲೇ ನಿಂತುಬಿಟ್ಟ.

"ಇಷ್ಟು ದಿನ ಬರೋಕೆ ನಾಚಿಕೆ ಆಗ್ತಿತ್ತು ಅಕ್ಕ," ಎಂದ. "ಅಣ್ಣನೂ ನಾನೂ ಒಟ್ಟಿಗೇ ಡ್ರಿಪ್ ಹಾಕಿಸ್ಕೊಂಡು ಕೂತು ಕ್ರಿಕೆಟ್ ನೋಡ್ತಿದ್ವಿ. ಅವರು ಹೋದ್ರು, ನಾನು ಹೀಗೆ ನಿಂತಿದ್ದೀನಿ."

ಅವನಿಗೂ ಒಂದು ಭಾರ ಇರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. "ಬಾ, ಹುಲ್ಲು ಬೆಳೆದಿದೆ, ಕೀಳು," ಎಂದೆ. ಅವನು ಮಂಡಿಯೂರಿ ಕಲ್ಲಿನ ಸುತ್ತಲಿನ ಹುಲ್ಲು ಕಿತ್ತ. ನಾವು ಹೆಂಗಸರು ನೀರು ತಂದು ಕಲ್ಲು ತೊಳೆದೆವು. ಆಮೇಲೆ ನಾಲ್ಕೂ ಜನ ನಿಂತು ಹಾಡಿದೆವು. ನನ್ನ ದನಿ ಎರಡನೇ ಚರಣದಲ್ಲಿ ಒಡೆಯಿತು, ಮೂರನೆಯದರಲ್ಲಿ ಮರಳಿತು.

ಹಾಡು ಮುಗಿದ ಮೇಲೆ ಮಗಳು ಕೇಳಿದಳು, "ಮಮ್ಮಿ, ಪಪ್ಪಾ ಎದ್ದು ಬರೋ ದಿನ ನಾನು ದೊಡ್ಡವಳಾಗಿಬಿಟ್ಟಿದ್ರೆ ಗುರುತು ಹಿಡೀತಾರಾ?"

"ಹಿಡೀತಾರೆ," ಎಂದೆ. "ಎಷ್ಟೇ ದೊಡ್ಡವಳಾಗಿದ್ರೂ ಹಿಡೀತಾರೆ."

ಅಷ್ಟನ್ನು ಅಳುಕದೆ ಹೇಳಲು ನನಗೆ ಸಾಧ್ಯವಾಯಿತು.