ಸೊಂಟದೆತ್ತರದ ಮೆಟ್ಟಿಲಿಗೆ ಮೀರಾಬಾಯಿಯ ಹೆಗಲು

ತೊಗರಿ ರಾಶಿಯ ಕಾಲ. ಹುಮನಾಬಾದ್ ದಾಟಿ ಕಲಬುರಗಿ ಕಡೆಗಿರುವ ತೇಗಲವಾಡಿ ರೈಲು ಹಾಲ್ಟಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸುತ್ತಲಿನ ಕಣಗಳಿಂದ ಹಾರಿಬಂದ ಹೊಟ್ಟು ಹಳಿಯ ಪಕ್ಕದಲ್ಲೆಲ್ಲ ಬಿದ್ದಿದೆ. ಮೀರಾಬಾಯಿ ತಲೆಗೆ ಟವೆಲ್ ಸುತ್ತಿಕೊಂಡು ಗುಡಿಸುತ್ತಿದ್ದಾರೆ. ಗುತ್ತಿಗೆದಾರನ ಲೆಕ್ಕದಲ್ಲಿ ಅವರ ಕೆಲಸ ಇಷ್ಟೇ. ಏಳರ ಪ್ಯಾಸೆಂಜರ್ ಬರುವ ಹೊತ್ತಿಗೆ ಮಾತ್ರ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ.

ಇಲ್ಲಿ ಪ್ಲಾಟ್‌ಫಾರ್ಮ್ ಅಂದರೆ ಹಳಿಯ ಮಟ್ಟದ ನೆಲ. ಗಾಡಿಯ ಕೆಳಗಿನ ಮೆಟ್ಟಿಲೇ ಸೊಂಟದೆತ್ತರ, ಗಾಡಿ ನಿಲ್ಲುವುದು ಒಂದೇ ನಿಮಿಷ. ಗಟ್ಟಿ ಕಾಲಿನವರು ಹೇಗೋ ಹತ್ತುತ್ತಾರೆ. ಮಂಠಾಳ, ಬಸವಕಲ್ಯಾಣದ ಕಡೆಯಿಂದ ಟಂಟಂ ಆಟೊ ಹಿಡಿದು ಬರುವ ಕಿಡ್ನಿ ರೋಗಿಗಳಿಗೆ ಆಗುವುದಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಕಲಬುರಗಿಗೆ ಹೋಗುವವರು ಈಗ ಏಳು ಮಂದಿ. ಗಾಡಿ ತಪ್ಪಿದರೆ ಸರದಿ ತಪ್ಪಿತು. ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅವರನ್ನು ದಿನಕ್ಕೆ ಇಬ್ಬರಂತೆ, ಮೂವರಂತೆ ಎತ್ತಿ ಹತ್ತಿಸುವುದು ಐವತ್ತೆರಡರ ಮೀರಾಬಾಯಿ.

ಇವತ್ತು ಮಂಠಾಳದ ರಾಬಿಯಾ ಬಂದಿದ್ದಾರೆ, ಜೊತೆಗೆ ಗಂಡ ಅಬ್ದುಲ್ ಕರೀಂ. "ಬಸ್ಸು ಅಕಿಗೆ ಫ್ರೀ ಅದ್ರಿ, ಖರೇ," ಎನ್ನುತ್ತಾರೆ ಅವರು. "ಆದ್ರ ವಾಪಸ್ ಬರೋವಾಗ ಜೀವಾನೇ ಇರಂಗಿಲ್ಲ. ಬಸ್ಸಿನಾಗ ಕಾಲು ಚಾಚಾಕ ಆಗತದೇನು? ಮತ್ತ ನನ್ನ ಟಿಕೀಟು? ರೈಲಿಗಾದ್ರ ಇಪ್ಪತ್ತರಾಗ ಮುಗೀತು."

ಗಾಡಿ ಬರುತ್ತದೆ. ಮೀರಾಬಾಯಿ ಮೊದಲು ರಾಬಿಯಾರ ಎಡತೋಳಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಆಮೇಲೆ ತೊಡೆಯ ಬುಡಕ್ಕೆ ಒಂದು ಕೈ, ಪಕ್ಕೆಗೆ ಒಂದು ಕೈ ಕೊಟ್ಟು, ಹೆಗಲಿನಿಂದ ಒತ್ತಿ ಎತ್ತುತ್ತಾರೆ.

"ನಾ ಏನ್ ಕುರಿ ಏನವ್ವಾ, ಹಿಂಗ ಎತ್ತತೀ?"

"ಕುರಿ ಆಗಿದ್ರ ಸುಮ್ನ ಇರ್ತಿತ್ತು. ನೀ ಬಾಯಿ ಮುಚ್ಚಂಗಿಲ್ಲ. ಹತ್ತು ಜಲ್ದಿ!"

ಗಾಡಿ ಹೊರಟಾಗ ಮೀರಾಬಾಯಿ ನಡು ಹಿಡಿದುಕೊಂಡು ನೆಲಕ್ಕೆ ಕೂರುತ್ತಾರೆ. ಡಾಕ್ಟರು ಭಾರ ಎತ್ತಬಾರದೆಂದು ಹೇಳಿ ಆರು ತಿಂಗಳಾಯಿತು. ಪ್ಲಾಟ್‌ಫಾರ್ಮ್ ಎತ್ತರಿಸಿ ಎಂದು ಊರವರು ಕೊಟ್ಟ ಅರ್ಜಿ ಮೂರು. ಮೂರಕ್ಕೂ ರಸೀದಿ ಬಂದಿದೆ, ಒಂದು ಬುಟ್ಟಿ ಮಣ್ಣು ಬಿದ್ದಿಲ್ಲ.

ಎತ್ತುವ ಈ ಪಟ್ಟು ತವರಿನದು. ನಿರ್ಣಾದಲ್ಲಿ ಅವರದು ಕುರಿ ಕಾಯುವ ಮನೆ. "ಹೊಂಡದಾಗ ಬಿದ್ದ ಕುರೀನ ಕಾಲು ಹಿಡಿದು ಎಳೀಬಾರ್ದ್ರಿ, ಕೀಲು ತಪ್ಪತದ. ಕೆಳಗಿಂದ ಎತ್ಬೇಕು. ನಮ್ಮಪ್ಪ ಹೇಳಿಕೊಟ್ಟಿದ್ದ," ಎಂದವರು, "ಗೊತ್ತಿದ್ದೂ ಒಂದು ಸಲ ಎಳೆದೆ," ಎನ್ನುತ್ತಾರೆ.

ಎಳೆದದ್ದು ಬಸವಕಲ್ಯಾಣದ ಜಯಮಾಲಾ ಅವರನ್ನು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ತೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ. ಅಲ್ಲಿ ಬೆರಳಿಟ್ಟರೆ ಜೇನುಹುಳದಂತೆ ಗುಂಯ್ ಅನ್ನುವುದು ತಿಳಿಯುತ್ತದೆ. ಆ ಕೈಯನ್ನು ಜಗ್ಗಬಾರದು, ಬಿಗಿಯಬಾರದು. ಎರಡು ವರ್ಷದ ಹಿಂದೆ, ಒಂದು ಮಳೆಯ ಮುಂಜಾನೆ, ಮೀರಾಬಾಯಿ ಮೆಟ್ಟಿಲ ಮೇಲೆ ನಿಂತು ಅದೇ ಕೈ ಹಿಡಿದು ಜಗ್ಗಿದರು.

"ಗಾಡಿ ಇನ್ನಾ ಅಲುಗಿದ್ದಿಲ್ರಿ. ಹಿಂದ ಇನ್ನಿಬ್ರು ನಿಂತಿದ್ರು, ನನಗ ಅವಸರ. ಅಕ್ಕಾರು 'ಅವ್ವಾ' ಅಂದ್ರು. ಅಷ್ಟೇ, ಬೈಲಿಲ್ಲ."

ಆ ದಿನವೇ ತೋಳಿನ ಗುಂಯ್ ನಿಂತಿತು. ಆಸ್ಪತ್ರೆಯಲ್ಲಿ ಕುತ್ತಿಗೆಗೆ ನಳಿಗೆ ಹಾಕಿದರು. ಅದು ಕೀವಾಯಿತು. ನಲವತ್ತು ದಿನಕ್ಕೆ ಜಯಮಾಲಾ ತೀರಿಕೊಂಡರು.

ಅವರ ಗಂಡ ಗುರುನಾಥ ಪೇಟೆಯಲ್ಲಿ ಬಟ್ಟೆ ಅಂಗಡಿಯವರು. ಸೂಜಿ ಚುಚ್ಚಿದವರೇ ಕೈ ಕೆಡಿಸಿದರೆಂದು ನಂಬಿದ್ದಾರೆ. ಹೆಂಡತಿಯನ್ನು ಅಷ್ಟು ದಿನ ರೈಲು ಹತ್ತಿಸಿದ ಮೀರಾಬಾಯಿಗೆ ದೀಪಾವಳಿಗೊಮ್ಮೆ ತಾವೇ ಬಂದು ಸೀರೆ ಕೊಟ್ಟು ಹೋಗುತ್ತಾರೆ. "ನೀವ್ ಇದ್ದಿದ್ದಕ್ಕ ಅಕಿ ಅಷ್ಟು ದಿನ ಉಳಿದ್ಲು ಅಂತಾರ್ರಿ. ಅದನ್ನ ಕೇಳಿ ನಿಂದ್ರಬೇಕು ನಾ." ಎರಡು ಸೀರೆ ಬಂದಿವೆ. ಎರಡರ ಮಡಿಕೆಯೂ ಬಿಚ್ಚಿಲ್ಲ.

ಬಿಸಿಲೇರುತ್ತಿದೆ. ಏನು ಆಗಬೇಕು ನಿಮಗೆ ಎಂದು ಕೇಳಿದರೆ, "ಪ್ಲಾಟ್‌ಫಾರ್ಮ್ ಎತ್ತರ ಮಾಡ್ಲಿ, ಅಲ್ಲೀತನಕ ನಡು ಇದ್ದಷ್ಟು ದಿನ ಎತ್ತತೀನಿ," ಎಂದು ಕಸಬರಿಗೆ ಕೈಗೆತ್ತಿಕೊಂಡವರು, ಮತ್ತೆ ತಿರುಗಿ ನಿಲ್ಲುತ್ತಾರೆ.

"ನಾ ಕೈ ಜಗ್ಗಿದ್ದನ್ನೂ ಬರೀರಿ. ಗುರುನಾಥ ಸಾವಕಾರ್ರು ದಿನಾ ಪೇಪರ್ ಓದ್ತಾರ. ಎದುರಿಗೆ ನಿಂತು ಹೇಳಾಕ ನನಗ ನಾಲಿಗಿ ಏಳವಲ್ದು."

ಹೆಸರು ಬದಲಿಸಿ ಬರೆಯಬಹುದು ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬ್ಯಾಡ್ರಿ. ಹೆಸರು ಬದಲಿಸಿದ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕು?"